ತಿರುವಿನಲ್ಲಿ ಬೋರ್ಡ್ ಇತ್ತು

ಬೇಸಿಗೆಯ ಕೊನೆ, ಸೋಮವಾರ, ಸಂಜೆ ನಾಲ್ಕೂವರೆ. ಹೀಗೆ ಶುರು ಮಾಡಬಹುದು. ಇಲ್ಲವೇ "ಬಸ್ಸು ಹೊರಡಲಿಲ್ಲ" ಅಂತ ಶುರು ಮಾಡಬಹುದು. ಇಲ್ಲವೇ "ನನಗೆ ಸಿಟ್ಟು ಬಂದಿದೆ, ಯಾರ ಮೇಲೆ ಅಂತ ಆಮೇಲೆ ಹೇಳುತ್ತೇನೆ" ಅಂತಲೂ. ಮೂರನ್ನೂ ನೋಟ್‌ಬುಕ್ಕಿನಲ್ಲಿ ಬರೆದು ನೋಡಿದೆ. ನಿಜವಾದದ್ದು ಮೂರನೆಯದು. ಆದರೆ ಬಂದವರನ್ನು ಕೂರಿಸುವ ಮೊದಲೇ ರೇಗಿಬಿದ್ದರೆ ಚೆನ್ನಾಗಿರುವುದಿಲ್ಲ. ಕೂತುಕೊಳ್ಳಿ. ರೇಗುವುದಕ್ಕೆ ಹೊತ್ತಿದೆ.

೧

ನಾನು ಬಸ್ ಡ್ರೈವರ್ ಆಗಿದ್ದವನು. ಓದಿದ್ದು ಮೂರನೇ ಕ್ಲಾಸು. ಉಳಿದ ಅಕ್ಷರ ಕಲಿತದ್ದು ಬಸ್ಸಿನ ಮುಂಗಾಜಿನಿಂದ, ರಸ್ತೆ ಬದಿಯ ಬೋರ್ಡುಗಳನ್ನು ನೋಡಿ ನೋಡಿ. ಹದಿನಾಲ್ಕು ವರ್ಷ ಒಂದೇ ರೂಟು, ಇಪ್ಪತ್ತೆರಡು ಸ್ಟಾಪು. ಮೂರನೇ ಸ್ಟಾಪಿನ ಹಲ್ಲಿನ ಡಾಕ್ಟರ ಬೋರ್ಡಿನಲ್ಲಿ ಬರೆದ ಹಲ್ಲುಗಳು ಮೂವತ್ತೇ. ಸಿಗ್ನಲ್ ಬಿಡುವ ತನಕ ಎಣಿಸಿದ್ದೇನೆ. ಒಂಬತ್ತನೇ ಸ್ಟಾಪಿನ ಕೀಲಿ ಮಾಡುವವನು ತನ್ನ ಬೋರ್ಡನ್ನು ತಲೆಕೆಳಗಾಗಿ ಹೊಡೆದಿದ್ದ, ಆರು ವರ್ಷ ಹಾಗೇ ಇತ್ತು. (ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನನಗೆ ಮರೆವಿಲ್ಲ ಅಂತ ನಿಮಗೆ ಈಗಲೇ ಗೊತ್ತಾಗಲಿ. ಮುಂದೆ ಒಬ್ಬ ಬಂದು ಬೇರೆ ಹೇಳುತ್ತಾನೆ.)

೨

ಸೊಸೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ಅವಳಿಗೆ ಕಂಪ್ಯೂಟರ್ ಆಟದ ಹುಚ್ಚು. ಹೋದ ವರ್ಷ ಬಸ್ ಓಡಿಸುವ ಆಟವೊಂದನ್ನು ಹಾಕಿಕೊಟ್ಟಳು, ಸ್ಟೇರಿಂಗ್ ಸಮೇತ. ಆಟದೊಳಗಿದ್ದದ್ದು ಯಾವುದೋ ಊರು, ಯಾವುದೋ ರಸ್ತೆ. ಅರ್ಧ ಗಂಟೆಯಲ್ಲಿ ಸಾಕಾಯಿತು.

"ಬೇಕಾದ ಹಾಗೆ ತೇಪೆ ಹಾಕಬಹುದು ಮಾವ. ಮಾಡ್ ಅಂತಾರೆ. ನೀವು ಹೇಳ್ತಾ ಹೋಗಿ, ನಾನು ನಿಮ್ಮ ರೂಟನ್ನೇ ಕೂರಿಸ್ತೀನಿ."

ಹೇಳಿದೆ. ಒಂದು ವರ್ಷ ಹೇಳಿದೆ. ಡಿಪೋ ಗೇಟಿಗೊಂದು ಮಾಡ್, ಹಲ್ಲಿನ ಡಾಕ್ಟರಿಗೊಂದು, ಕೀಲಿಯವನಿಗೊಂದು, ಬೀದಿ ದೀಪಗಳಿಗೆ ಮೂರು. ಒಟ್ಟು ಅರವತ್ತನಾಲ್ಕು. ನಿಜವಾದ ರಸ್ತೆ ಈಗ ಅಗಲವಾಗಿ, ಅದರಲ್ಲಿ ಒಂದೂ ಉಳಿದಿಲ್ಲ. ಉಳಿದದ್ದೆಲ್ಲ ನಮ್ಮ ಮನೆಯ ಕಂಪ್ಯೂಟರಿನಲ್ಲಿದೆ. (ಮಗ ಪಾಳಿ ಕೆಲಸದವನು. ಈ ಕಥೆಯುದ್ದಕ್ಕೂ ಒಳಗಿನ ಕೋಣೆಯಲ್ಲಿ ಮಲಗಿರುತ್ತಾನೆ. ಮೆಲ್ಲಗೆ ಓದಿ.)

೩

ಹನ್ನೊಂದನೇ ಸ್ಟಾಪು ದಾಟಿದರೆ ಎಡಕ್ಕೊಂದು ತಿರುವು. ಇದನ್ನು ಆರು ಸಲ ಬರೆದು ಹೊಡೆದುಹಾಕಿದ್ದೇನೆ. ಏಳನೇ ಸಲ ಹೀಗಿದೆ:

ಇಪ್ಪತ್ತೊಂಬತ್ತು ವರ್ಷದ ಹಿಂದೆ ಆ ತಿರುವಿನಲ್ಲಿ ನನ್ನ ಬಸ್ಸು ಸೈಕಲ್ ಮೇಲಿದ್ದ ಒಬ್ಬ ಹೆಣ್ಣುಮಗಳಿಗೆ ಬಡಿಯಿತು. ಟೈಪಿಸ್ಟ್. ಜೀವ ಉಳಿಯಿತು, ಒಂದು ಪಾದ ಹೋಯಿತು. ವಿಚಾರಣೆಯಲ್ಲಿ ನಾನು ಹೇಳಿದೆ: ತಿರುವಿನಲ್ಲಿ ದೊಡ್ಡ ಜಾಹೀರಾತು ಬೋರ್ಡ್ ನಿಲ್ಲಿಸಿದ್ದರು, ಅಡ್ಡರಸ್ತೆ ಕಾಣುತ್ತಿರಲಿಲ್ಲ. ಮಾರನೇ ದಿನ ಸಾಹೇಬರು ಹೋಗಿ ನೋಡಿದರೆ ಬೋರ್ಡಿಲ್ಲ. ರಾತ್ರೋರಾತ್ರಿ ಕಿತ್ತಿದ್ದಾರೆ ಅಂದೆ. ನನ್ನ ಬಸ್ಸಿನ ಕಂಡಕ್ಟರನ್ನು ಕೇಳಿದರು. ಅವನು ಹೇಳಿದ: "ಬೋರ್ಡ್ ಇರಲಿಲ್ಲ ಸಾರ್. ದಾರಿ ಚೆನ್ನಾಗೇ ಕಾಣ್ತಿತ್ತು."

ಹನ್ನೊಂದು ತಿಂಗಳು ಸಸ್ಪೆಂಡು. ಆಮೇಲೆ ನಿವೃತ್ತಿಯ ತನಕ ಡಿಪೋದೊಳಗೆ ಬಸ್ಸು ತೊಳೆಯುವ ಜಾಗದಿಂದ ಡೀಸೆಲ್ ಜಾಗಕ್ಕೆ, ಡೀಸೆಲ್ ಜಾಗದಿಂದ ತೊಳೆಯುವ ಜಾಗಕ್ಕೆ ಗಾಡಿ ಸರಿಸುವ ಕೆಲಸ. ರಸ್ತೆಗೆ ಬಿಡಲಿಲ್ಲ.

ಅದಕ್ಕೇ ಸೊಸೆಗೆ ಹೇಳಿದೆ, ಅಲ್ಲೊಂದು ಬೋರ್ಡ್ ನಿಲ್ಲಿಸಮ್ಮ, ಮೇಲೊಂದು ಬಲ್ಬ್ ಹಾಕು. ನಿಲ್ಲಿಸಿದಳು. ನನ್ನ ತಪ್ಪಿಲ್ಲದ ತಿರುವು ಅಂತ ಇರುವುದು ಈ ಭೂಮಿಯ ಮೇಲೆ ಅದೊಂದೇ. ಅದು ಆಟದೊಳಗಿದೆ. ಆ ಆಟ ಸೋಮವಾರ ಸಂಜೆ ನಾಲ್ಕೂವರೆಗೆ ತೆರೆಯಲಿಲ್ಲ.

೪

ಒತ್ತಿದೆ. ಪರದೆ ಕಪ್ಪಾಯಿತು. ಡಿಪೋದ ಚಿತ್ರ ಬಂತು, ಬಸ್ಸಿನ ಸದ್ದು ಅರ್ಧ ಬಂತು, ಎಲ್ಲ ಮಾಯ. ಏನಾಯಿತು, ಯಾಕಾಯಿತು, ಒಂದು ಮಾತಿಲ್ಲ. ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. ಹನ್ನೆರಡು ಸಲ ಒತ್ತಿದೆ.

ಪಕ್ಕದ ಸ್ಟೂಲಿನ ಮೇಲೆ ಶಿಳ್ಳೆ ಕೂತು ಚಹಾ ಕುಡಿಯುತ್ತಿದ್ದ. ಶಿಳ್ಳೆ ಅಂದರೆ ಅದೇ ಕಂಡಕ್ಟರು. ಹೌದು, ಅವನೇ. ವಿಚಾರಣೆಯಾಗಿ ಎರಡು ವರ್ಷ ಮಾತಿರಲಿಲ್ಲ. ಆಮೇಲೆ ನನ್ನ ಹೆಂಡತಿ ಆಸ್ಪತ್ರೆ ಸೇರಿದಾಗ ರಕ್ತ ಕೊಡುವ ಸಾಲಿನಲ್ಲಿ ತೋಳು ಮಡಚಿಕೊಂಡು ನಿಂತಿದ್ದ. ಅವತ್ತಿನಿಂದ ದಿನಾ ಸಂಜೆ ಬರುತ್ತಾನೆ. ಬೋರ್ಡಿನ ಮಾತು ಮಾತ್ರ ಇಬ್ಬರೂ ಎತ್ತಿಲ್ಲ.

"ಕೈ ಕೊಡ್ತಾ ಗುರುವೇ?" ಅಂದ.

"ಕಾಣ್ತಿಲ್ವಾ?"

"ಕಾಣ್ತಿದೆ. ಅಂಥ ಹಳೇ ಗಾಡೀನೇ ತಳ್ಳಿ ಸ್ಟಾರ್ಟ್ ಮಾಡಿದೀವಿ. ಇದನ್ನ ಎಲ್ಲಿಂದ ತಳ್ಳೋದು?"

ನಕ್ಕೆ. (ಆ ನಗುವನ್ನು ಈಗ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ದಯವಿಟ್ಟು ನಗಲಿಲ್ಲ ಅಂತ ಓದಿಕೊಳ್ಳಿ.)

೬

ಐದನ್ನು ಹರಿದು ಹಾಕಿದೆ. ಅದರಲ್ಲಿ ಬರೀ ಬೈಗುಳ ಇತ್ತು, ಕಂಪ್ಯೂಟರಿಗೆ.

ಮಾರನೇ ದಿನ ಸೊಸೆ ಒಂದು ಚೀಟಿ ಬರೆದಿಟ್ಟು ಕೆಲಸಕ್ಕೆ ಹೋದಳು: ಮಾಡ್‌ಗಳ ಪಟ್ಟಿ ತೆರೆಯಿರಿ. ಅರ್ಧ ಮಾಡ್‌ಗಳ ಟಿಕ್ ತೆಗೆಯಿರಿ. ಆಟ ಓಡಿದರೆ ದೋಷ ತೆಗೆದ ಅರ್ಧದಲ್ಲಿದೆ. ಓಡದಿದ್ದರೆ ಉಳಿದ ಅರ್ಧದಲ್ಲಿದೆ. ಸಿಗುವ ತನಕ ಅರ್ಧ ಅರ್ಧ ಮಾಡುತ್ತಾ ಹೋಗಿ.

ಇದು ನನಗೆ ಹೊಸದಲ್ಲ. ಬಸ್ಸಿನ ಲೈಟು ಹೋದರೆ ವೈರನ್ನು ಹೀಗೇ ಹುಡುಕುವುದು. ಮಂಗಳವಾರ ಮಧ್ಯಾಹ್ನದಿಂದ ಕೂತೆ. ಮೇಲಿನ ಅರ್ಧ ಹಾಕಿದೆ, ಓಡಿತು. ಕೆಳಗಿನ ಅರ್ಧ ಹಾಕಿದೆ, ಅದೂ ಓಡಿತು! ಎರಡನ್ನೂ ಕೂಡಿಸಿದೆ, ಸತ್ತಿತು. ಬೇರೆ ಬೇರೆ ಕೂತರೆ ಇಬ್ಬರೂ ಸಾಧುಗಳು, ಒಂದು ಬೆಂಚಿನ ಮೇಲೆ ಕೂತರೆ ಕೊಲೆ. ಇಂಥ ದೋಷ ವೈರಿನಲ್ಲಿ ಇರುವುದಿಲ್ಲ.

ಆಗ ಒಂದನ್ನು ಇಟ್ಟು ಇನ್ನೊಂದನ್ನು ತೆಗೆದು, ಇನ್ನೊಂದನ್ನು ಇಟ್ಟು ಮತ್ತೊಂದನ್ನು ತೆಗೆದು, ಮಂಗಳವಾರ ರಾತ್ರಿಯ ತನಕ, ಬುಧವಾರವೆಲ್ಲ. ಪ್ರತಿ ಸಲವೂ ನಾಲ್ಕು ನಿಮಿಷ ಕಾಯಬೇಕು. ಶಿಳ್ಳೆ ಎರಡು ದಿನವೂ ಬಂದ, ಕೂತ, ಚಹಾ ಕುಡಿದ.

"ಬಿಟ್ಟಾಕೋ, ವಯಸ್ಸಾಯ್ತು ಅದಕ್ಕೂ," ಅಂದ ಒಂದು ಸಲ.

"ನಂಗೆ ಬಿಡೋಕೆ ಬರಲ್ಲ ಕಣೋ."

"ಅದು ಗೊತ್ತಿರೋದೇ," ಅಂದ. ಕಪ್ಪು ಪರದೆಯಲ್ಲಿ ಅವನ ಮುಖ ಕಾಣುತ್ತಿತ್ತು. ನನ್ನನ್ನೇ ನೋಡುತ್ತಿದ್ದ.

ಬುಧವಾರ ಅವನು ಹೋದ ಮೇಲೆ ಎರಡೇ ಉಳಿದವು. ಒಂದು ನನ್ನ ಬೋರ್ಡು. ಇನ್ನೊಂದು, ಪಟ್ಟಿಯ ಕೊನೆಯದು: ಬೀದಿ ದೀಪ ನಾಲ್ಕು.

ಬೀದಿ ದೀಪಕ್ಕೆ ನಾನು ಹೇಳಿದ್ದು ಮೂರೇ ಮಾಡ್.

೭

(ಇಲ್ಲಿ ಶಿಳ್ಳೆ ನನ್ನ ನೋಟ್‌ಬುಕ್ಕಿನೊಳಗೆ ಬಂದು ಬಾಯಿ ಹಾಕುತ್ತಾನೆ. ನಾನು ಕರೆದಿಲ್ಲ.)

"ನನ್ನ ಮಾತನ್ನೂ ನೀನೇ ಬರೀತೀಯಾ?"

"ಮತ್ಯಾರು ಬರೀಬೇಕು?"

"ನಂಗೆ ಇಷ್ಟು ಚಹಾ ಕುಡಿಸ್ತಿದೀಯಲ್ಲ, ಯಾಕೆ? ಓದೋರಿಗೆ ನಾನು ಚಾಲಾಕಿ ಅನ್ನಿಸ್ಲಿ ಅಂತ ತಾನೇ? ನಾನು ಅರ್ಧ ಲೋಟಾನೂ ಮುಗಿಸ್ಲಿಲ್ಲ. ಅದನ್ನ ಬರಿ."

"ಬರೆಯಲ್ಲ."

"ನೋಡಿದ್ಯಾ? ನಿನ್ನ ಸೊಸೆ ಏನಂದ್ಲು? ಎರಡು ಮಾಡ್ ಒಂದೇ ಜಾಗಕ್ಕೆ ಜಗಳಾಡಿದ್ರೆ ಕೊನೆಗೆ ಲೋಡ್ ಆದದ್ದೇ ಗೆಲ್ಲೋದು ಅಂತ. ನೀನು ಕೊನೆಗೆ ಲೋಡ್ ಆಗ್ತಿದೀಯ ಅಷ್ಟೇ. ಸರಿ ಇದೀಯ ಅಂತ ಅಲ್ಲ."

ಅವನನ್ನು ಪುಟದಿಂದ ಆಚೆ ಹಾಕಿದೆ.

೮

ಗುರುವಾರ ಸೊಸೆಯ ಅಂಗಡಿಗೆ ರಜೆ. ನಾಲ್ಕು ಗಂಟೆಗೆ ಶಿಳ್ಳೆ ಬಂದು ಕೂತ. ಆ ಬೋರ್ಡಿಗೆ ಅಡ್ಡ ಬರುವವನು ಭೂಮಿಯ ಮೇಲೆ ಅವನೊಬ್ಬನೇ, ಅದಕ್ಕೇ ನಾನು ಪೀಠಿಕೆ ಹಾಕಲಿಲ್ಲ.

"ಲೋ, ಬೀದಿ ದೀಪ ನಾಲ್ಕು ಅಂದ್ರೆ ಏನು?"

ಲೋಟ ಕೆಳಗಿಟ್ಟ. "ಸಿಕ್ತಾ?"

"ಮಾವ, ಕೂರಿಸಿದ್ದು ನಾನು," ಅಂದಳು ಸೊಸೆ. "ಹೋದ ಭಾನುವಾರ, ನೀವು ಕಣ್ಣು ತೋರಿಸೋಕೆ ಹೋಗಿದ್ದಾಗ. ಶಿಳ್ಳೆ ಮಾವ ಕೇಳಿದ್ರು. ಹೆಸರು ಹೀಗಿಡು, ಹೇಳ್ಬೇಡ ಅಂದ್ರು. ಏನೋ ತಮಾಷೆ ಅಂದ್ಕೊಂಡೆ. ಸೋಮವಾರ ನಿಮ್ಮ ಮುಖ ನೋಡಿ ಹೇಳೋಕೆ ಧೈರ್ಯ ಬರ್ಲಿಲ್ಲ."

ನಾನು ಅವಳ ಕಡೆ ತಿರುಗಲಿಲ್ಲ. "ಮೂರು ದಿನ ನೀನು ಪಕ್ಕದಲ್ಲೇ ಕೂತಿದ್ದೆ. ಒಂದೊಂದೇ ಬಿಚ್ಚಿ ನೋಡ್ತಿದ್ದೆ ನಾನು. ಬಾಯಿರಲಿಲ್ವಾ ನಿಂಗೆ?"

"ಒಂದ್ಸಲ ಬಿಟ್ಟಿದ್ದೆನಲ್ಲ ಬಾಯಿ. ಏನು ಸುಖ ಕಂಡೆ?"

"ನನ್ನ ಬೋರ್ಡ್ ಅಳಿಸ್ದೆ ನೀನು."

"ಇಲ್ಲದ್ದನ್ನ ಹೆಂಗೆ ಅಳಿಸೋದು ಗುರುವೇ?"

"ಆಟದಲ್ಲಿ ಇತ್ತಲ್ಲ," ಅಂದಳು ಸೊಸೆ. "ಇವರದ್ದು ಬೋರ್ಡ್ ತೆಗೀತು, ನಿಮ್ಮ ಬಲ್ಬು ಬೋರ್ಡನ್ನ ಹುಡುಕ್ತು, ಸಿಗ್ಲಿಲ್ಲ, ಅಲ್ಲೇ ಕ್ರ್ಯಾಶು."

"ನೀನು ಸುಮ್ನಿರಮ್ಮ," ಅಂದೆವು ಇಬ್ಬರೂ ಒಟ್ಟಿಗೇ.

ಶಿಳ್ಳೆ ಪರದೆಯ ಕಡೆ ಬೆರಳು ತೋರಿಸಿದ. "ಒಂದು ವರ್ಷದಿಂದ ಈ ಸ್ಟೂಲ್ ಮೇಲೆ ಕೂತು ಆ ಬೋರ್ಡ್ ದಾಟ್ತಿದೀನಿ. ದಿನಾ ಒಂದ್ಸಲ ನನ್ನ ಸುಳ್ಳುಗಾರ ಅಂತಿದೀಯ, ಬಾಯಿ ಬಿಡದೆ. ಹಲ್ಲಿನ ಡಾಕ್ಟ್ರು ಇದಾನೆ, ಕೀಲಿಯವನು ಇದಾನೆ, ಗೇಟಲ್ಲಿ ಮಲಗ್ತಿದ್ದ ನಾಯಿನೂ ಇದೆ. ಆ ಹೆಣ್ಣುಮಗಳು ಎಲ್ಲಿ? ಅರವತ್ನಾಲ್ಕರಲ್ಲಿ ಅವಳಿಗೊಂದು ಕೊಡೋಕಾಗ್ಲಿಲ್ವಾ? ನಾನು ಬರೀ ಬೋರ್ಡ್ ತೆಗೆಸ್ಲಿಲ್ಲ ಕಣೋ. ಅವಳನ್ನ ಹಾಕ್ಸಿದೀನಿ. ಸೈಕಲ್ ಹಿಡ್ಕೊಂಡು ನಿಂತಿದಾಳೆ. ದೂರದಿಂದ್ಲೇ ಕಾಣ್ತಾಳೆ."

ಉತ್ತರ ಕೊಟ್ಟೆ. ಏನು ಕೊಟ್ಟೆ ಅಂತ ಬರೆಯುವುದಿಲ್ಲ. ಒಳಗೆ ಮಗ ಮಗ್ಗುಲು ಬದಲಿಸಿದ.

೯

ಜಗಳ ನಿಲ್ಲಿಸಲು ಸೊಸೆ ಒಳ್ಳೆಯ ಮನಸ್ಸಿನಿಂದಲೇ ಒಂದು ದಾರಿ ಹುಡುಕಿದಳು.

"ಎರಡನ್ನೂ ತೆಗೆದು ಬೋರ್ಡನ್ನ ಹೊಸದಾಗಿ ಮಾಡ್ತೀನಿ ಮಾವ, ನೀಟಾಗಿ. ಇಷ್ಟು ದಿನ ಬರೀ ಬಿಳಿ ಹಲಗೆ ನಿಲ್ಲಿಸಿದ್ದೆ. ಅದರ ಮೇಲೆ ಏನು ಬರೆದಿತ್ತು ಹೇಳಿ."

"ಸೋಪಿನ ಜಾಹೀರಾತು."

"ಯಾವ ಸೋಪು?"

ನಾನು ಮೌಸ್ ಹಿಡಿದು ಪಟ್ಟಿಯನ್ನು ಮೇಲೆ ಕೆಳಗೆ ಸರಿಸಿದೆ.

"ಅಕ್ಷರ ಯಾವ ಬಣ್ಣ ಮಾವ? ಚಿತ್ರ ಏನಾದ್ರೂ ಇತ್ತಾ?"

ಹತ್ತನೇ ಸ್ಟಾಪಿನ ಹೊಲಿಗೆ ಅಂಗಡಿಯ ಬೋರ್ಡು ಹಸಿರು, ಅಕ್ಷರ ಹಳದಿ, ಮೂಲೆಯಲ್ಲಿ ಕತ್ತರಿ. ಹನ್ನೊಂದನೆಯದರ ಫೋಟೋ ಸ್ಟುಡಿಯೋ ಕಪ್ಪು, ಅಕ್ಷರ ಬಿಳಿ. ಹನ್ನೆರಡನೆಯದು ಗಡಿಯಾರದವನದು, ಮುಳ್ಳು ಹತ್ತೂ ಹತ್ತರಲ್ಲಿ. ಹನ್ನೊಂದಕ್ಕೂ ಹನ್ನೆರಡಕ್ಕೂ ನಡುವೆ ಬಿಳಿ ಹಲಗೆ.

"ಕೇಳಿದ್ದಷ್ಟು ಮಾಡೋಕಾಗಲ್ವಾ ನಿಂಗೆ?" ಅಂತ ಕೂಗಿದೆ. ಈ ಮನೆಯಲ್ಲಿ ನಾನು ಕೂಗಿದ್ದು ಅದೇ ಮೊದಲು. ಮಗ ಎದ್ದು ಬಂದು ಬಾಗಿಲಲ್ಲಿ ನಿಂತು, "ಏನಾಯ್ತಪ್ಪಾ?" ಅಂದ. ಶಿಳ್ಳೆ ಮಾತ್ರ ಗೆದ್ದವನ ಹಾಗೆ ಮುಖ ಮಾಡಲಿಲ್ಲ. ಮಾಡಿದ್ದರೆ ಎಷ್ಟು ಹಗುರವಾಗುತ್ತಿತ್ತು.

೧೦

ಮುಕ್ತಾಯ, ಮೊದಲನೇ ಸಲ: ನನಗೆ ಅಕ್ಷರ ನೆನಪಾಗುತ್ತದೆ. ಕೆಂಪು. ಸೋಪಿನ ಹೆಸರೂ ನೆನಪಾಗುತ್ತದೆ. ಶಿಳ್ಳೆ ಹಣೆ ಚಚ್ಚಿಕೊಂಡು "ಹೌದು ಕಣೋ, ಇತ್ತು" ಅನ್ನುತ್ತಾನೆ. (ಇದನ್ನು ಬರೆಯುವಾಗ ಕೈ ಸರಾಗವಾಗಿ ಓಡಿತು. ಅದಕ್ಕೇ ಅನುಮಾನ ಬಂದು ಹೊಡೆದುಹಾಕಿದೆ.)

ಎರಡನೇ ಸಲ: ನನ್ನ ಬೋರ್ಡಿನ ಟಿಕ್ ತೆಗೆಯುತ್ತೇನೆ. ಆಟ ತೆರೆಯುತ್ತದೆ. ಹನ್ನೊಂದು ದಾಟುತ್ತೇನೆ. ತಿರುವು ಬಯಲು. ಆಕೆ ಸೈಕಲ್ ಹಿಡಿದು ನಿಂತಿದ್ದಾಳೆ. ಬ್ರೇಕ್ ಹಾಕುತ್ತೇನೆ. ಬಸ್ಸು ನಿಲ್ಲುತ್ತದೆ. ಆಕೆ ದಾಟಿ ಹೋಗುತ್ತಾಳೆ, ಎರಡು ಪಾದಗಳ ಮೇಲೆ. (ಓದಿ ಸೊಸೆ ಅತ್ತಳು. ಇದೇ ಇರಲಿ ಮಾವ ಅಂದಳು. ಆಟದಲ್ಲಿ ಬ್ರೇಕ್ ಹಾಕುವುದು ಯಾರಿಗಾದರೂ ಬರುತ್ತದಮ್ಮ ಅಂದೆ.)

ಮೂರನೇ ಸಲ ನಡೆದದ್ದನ್ನು ಬರೆದೆ. ಶಿಳ್ಳೆ ನೋಡುತ್ತಿರುವಾಗಲೇ ಪಟ್ಟಿಯ ಕೊನೆಗೆ ಹೋಗಿ, ಬೀದಿ ದೀಪ ನಾಲ್ಕರ ಟಿಕ್ ತೆಗೆದೆ. ಒತ್ತಿದೆ. ನಾಲ್ಕು ನಿಮಿಷ ಕಾದೆವು. ಡಿಪೋ ಬಂತು, ಎಂಜಿನ್ ಸದ್ದು ಪೂರ್ತಿ ಬಂತು. ಮೂರು ದಿನದ ಮೇಲೆ ನನ್ನ ಬಸ್ಸು ಹೊರಟಿತು. ಹಲ್ಲಿನ ಡಾಕ್ಟರು, ಕೀಲಿಯವನು, ಹೊಲಿಗೆ ಅಂಗಡಿ. ಹನ್ನೊಂದನೇ ಸ್ಟಾಪಿನಲ್ಲಿ ನಿಲ್ಲಿಸಿದೆ. ಮುಂದೆ ಬಿಳಿ ಹಲಗೆ ಕಾಣುತ್ತಿತ್ತು.

"ನಾನು ಇಲ್ಲೇ ಇಳೀತೀನಿ," ಅಂದ ಶಿಳ್ಳೆ.

"ಕೂತ್ಕೊಳೋ, ನಾಟಕ ಮಾಡ್ಬೇಡ."

"ನಾಟಕ ಅಲ್ಲ ಗುರುವೇ. ಸುಸ್ತು."

ಸ್ಟೂಲನ್ನು ಗೋಡೆಗೆ ಒತ್ತಿ ಇಟ್ಟ. ಸೊಸೆಗೆ, "ಆ ಹೆಣ್ಣುಮಗಳನ್ನ ಡಿಲೀಟ್ ಮಾಡ್ಬೇಡಮ್ಮ, ಎಲ್ಲಾದ್ರೂ ಇರ್ಲಿ," ಅಂದ. ಮೆಟ್ಟಿಲಿಳಿದ.

ಇದು ಮುಕ್ತಾಯವೇ ಅಂತ ಕೇಳಬೇಡಿ. ನಾನು ತಿರುವು ದಾಟಿದೆನೇ, ಅವನ ಮನೆಗೆ ಹೋದೆನೇ, ಬೋರ್ಡ್ ಇತ್ತೇ ಇರಲಿಲ್ಲವೇ ಅಂತಲೂ ಕೇಳಬೇಡಿ. ಕೇಳಿದರೆ ನಿಮ್ಮ ಮೇಲೂ ಕೂಗುತ್ತೇನೆ. ಸಿಟ್ಟು ಇಳಿದಿಲ್ಲ. ಯಾರ ಮೇಲೆ ಅಂತ ಆಮೇಲೆ ಹೇಳುತ್ತೇನೆ ಅಂದಿದ್ದೆ, ಹೇಳುವುದಿಲ್ಲ. ಖಚಿತವಾಗಿ ಬರೆಯಬಲ್ಲದ್ದು ಒಂದೇ ಸಾಲು, ಅದಕ್ಕೆ ಸೊಸೆಯೂ ಮಗನೂ ಸಾಕ್ಷಿ.

ಎದ್ದು ಹೋದವನು ಶಿಳ್ಳೆ. ಅವತ್ತು ಗುರುವಾರ.