ಗಾಡಿ ಇಳಿದ ಮೇಲೆ

ದಾವಣಗೆರೆಯಿಂದ ಒಬ್ಬ ಹೊಸ ಕ್ಯಾಮೆರಾಮನ್ ಬರುತ್ತಾನಂತೆ. ಮಾವ ಹಾಗೆಂದಾಗ ನಾನು ‘ಆಯ್ತು ಮಾವ’ ಎಂದುಬಿಟ್ಟೆ. ಆತ ಬರುವುದಕ್ಕಿಂತ ನಾನು ಅಷ್ಟು ಸಲೀಸಾಗಿ ಒಪ್ಪಿಕೊಂಡದ್ದೇ ನನಗೆ ಚಿಂತೆಯಾಗಿತ್ತು. ಕ್ಯಾಮೆರಾ ಹಿಡಿಯಬೇಕೆಂಬ ಆಸೆ ನನಗಿದೆ ಎಂದು ಡೈರಿಯಲ್ಲಿ ಎಷ್ಟೋ ಸಲ ಬರೆದಿದ್ದೆ, ಬಾಯಲ್ಲಿ ಒಮ್ಮೆಯೂ ಅಂದಿರಲಿಲ್ಲ.

ಗಂಗಾಧರ ಮಾವ ಅಮ್ಮನ ತಮ್ಮ. ಹರಪನಹಳ್ಳಿ ಬಸ್‌ ಸ್ಟ್ಯಾಂಡ್ ಹತ್ತಿರ ಅವನ ಸ್ಟುಡಿಯೋ. ಡಿಗ್ರಿ ಮುಗಿದ ಮೇಲೆ ನಾನು ಅಲ್ಲಿ ಒಳಕೋಣೆಯಲ್ಲಿ ಕೂತು ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸುತ್ತೇನೆ. ಮಂದಿಯ ನಡುವೆ ನಿಲ್ಲುವುದು ನನ್ನಿಂದಾಗದು ಎಂದು ಅವನೇ ತೀರ್ಮಾನಿಸಿದ್ದಾನೆ, ಅದೂ ಪ್ರೀತಿಯಿಂದಲೇ. ಯಾವ ಮದುವೆಗೆ ಹೋದರೂ ನನಗೆಂದು ಎರಡು ಹೋಳಿಗೆ ಕ್ಯಾಮೆರಾ ಬ್ಯಾಗಿನಲ್ಲಿ ಬರುತ್ತವೆ. ಲೆನ್ಸಿಗೆ ತುಪ್ಪ ಹತ್ತಿದರೂ ಅವನಿಗೆ ಬೇಜಾರಿಲ್ಲ. ಅಂಥವನ ಮೇಲೆ ಹೇಗೆ ಸಿಟ್ಟಾಗುವುದು?

ಮೊನ್ನೆ ಭಾನುವಾರ ಊರಾಚೆ, ಮೆಕ್ಕೆಜೋಳ ಕೊಯ್ದ ಹೊಲದಲ್ಲಿ ಬೈಕ್ ರೇಸ್ ಇತ್ತು. ನಡೆಸಿದವರು ಬೈಕ್ ಬಿಡಿಭಾಗದ ಅಂಗಡಿಯ ವೀರಭದ್ರಯ್ಯನವರು. ದಿಬ್ಬದ ಮೇಲಿಂದ ಗಾಡಿಗಳು ಹಾರುವುದನ್ನು ಸ್ಲೋ ಮೋಷನ್‌ನಲ್ಲಿ ತೆಗೆಯಬೇಕೆಂದು ಅವರ ಹಟ. ಅದಕ್ಕೆಂದೇ ಮಾವ ಬೆಂಗಳೂರಿನಿಂದ ಒಂದು ಕ್ಯಾಮೆರಾ ಬಾಡಿಗೆಗೆ ತರಿಸಿದ್ದ. ಕಣ್ಣು ಮಿಟುಕಿಸುವಷ್ಟು ಹೊತ್ತಿನಲ್ಲಿ ಆಗುವುದನ್ನು ಅದು ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟು ಹೊತ್ತು ತೋರಿಸುತ್ತದೆ.

ಕಳಿಸಿಕೊಟ್ಟವರು ಅದನ್ನು ಬಳಸುವ ರೀತಿಯನ್ನು ಫೋನಿನಲ್ಲಿ ನನಗೇ ವಿವರಿಸಿದ್ದರು. ಈ ಕ್ಯಾಮೆರಾ ಸುಮ್ಮನಿದ್ದಾಗಲೂ ತೆಗೆಯುತ್ತಲೇ ಇರುತ್ತದೆ, ಹಳೆಯದನ್ನು ಅಳಿಸುತ್ತಲೇ ಇರುತ್ತದೆ. ಗುಂಡಿ ಒತ್ತಿದಾಗ ಅದು ಉಳಿಸಿಕೊಳ್ಳುವುದು ಆಗಷ್ಟೇ ಕಳೆದುಹೋದ ಕ್ಷಣಗಳನ್ನು. ಹಾಗಾಗಿ ಒತ್ತಬೇಕಾದದ್ದು ಗಾಡಿ ಹಾರಿ ನೆಲಕ್ಕೆ ಇಳಿದ ಮೇಲೆ. ವ್ಯಾನಿನಲ್ಲಿ ಬರುವಾಗ ಮಾವನಿಗೆ ಹೇಳಿದೆ. ನನ್ನ ದನಿ ಅರ್ಧ ಇಂಜಿನ್ನಿನ ಸದ್ದಿಗೆ ಹೋಯಿತು, ಉಳಿದರ್ಧ ಅವನ ನಗೆಗೆ. ಗುಂಡಿ ಒತ್ತುವುದನ್ನು ತನಗೇ ಕಲಿಸುವಷ್ಟು ದೊಡ್ಡವಳಾದೆಯಾ ಎಂದು ತಲೆ ಸವರಿದ.

ಅವನದು ಮದುವೆಯ ಕೈ. ‘ಗಟ್ಟಿಮೇಳ’ ಎಂಬ ಕೂಗಿಗೆ ಒಂದು ಉಸಿರು ಮೊದಲೇ ಬೆರಳು ಒತ್ತಿರಬೇಕು, ತಾಳಿ ಕಟ್ಟುವುದು ತಪ್ಪಿದರೆ ಮತ್ತೆ ಸಿಗುವುದಿಲ್ಲ. ಇಲ್ಲೂ ಹಾಗೇ ಮಾಡಿದ. ಗಾಡಿ ದಿಬ್ಬ ಏರುವ ಮೊದಲೇ ಒತ್ತಿದ. ಪರದೆಯ ಮೇಲೆ ಬರೀ ದಿಬ್ಬ, ಅದರ ಮೇಲೆ ನಿಧಾನಕ್ಕೆ ರೆಕ್ಕೆ ಬಡಿಯುವ ಒಂದು ಕಾಗೆ. ಎರಡನೇ ಸಲ ಕಾಗೆಯೂ ಇರಲಿಲ್ಲ.

“ಗಂಗಾಧರಪ್ಪ, ನಾ ಕಾಗಿ ರೇಸ್ ಇಟ್ಟಿಲ್ಲ ಮಾರಾಯ,” ಎಂದರು ವೀರಭದ್ರಯ್ಯ.

ಸುತ್ತ ನಿಂತವರು ನಕ್ಕರು. ಮಾವನೂ ನಕ್ಕ, ಆದರೆ ಅವನ ಕಿವಿಗಳು ಕೆಂಪಾಗಿದ್ದವು. ಅಷ್ಟು ಜನರ ಮುಂದೆ ಅವನನ್ನು ತಿದ್ದಲು ನನಗೆ ಬಾಯಿ ಬರಲಿಲ್ಲ.

ಕೊನೆಯ ಸುತ್ತಿಗೆ ಅವನೇ ಒಂದು ಉಪಾಯ ಹೂಡಿದ. ದೂರದಿಂದ ಅಂದಾಜು ಸಿಗುತ್ತಿಲ್ಲ, ತಾನು ದಿಬ್ಬದ ಬುಡದಲ್ಲಿ ನಿಂತು ಗಾಡಿ ಹತ್ತಿರ ಬಂದಾಗ ಟವೆಲ್ ಕೆಳಗೆ ಬಿಡುತ್ತೇನೆ, ಬಿಟ್ಟ ಕೂಡಲೇ ನಾನು ಒತ್ತಬೇಕು ಎಂದ. ನನ್ನನ್ನು ಕ್ಯಾಮೆರಾದ ಹಿಂದೆ ನಿಲ್ಲಿಸಿ ಓಡಿದ.

ಬಿಸಿಲು ನೆತ್ತಿ ಸುಡುತ್ತಿತ್ತು. ಹಗರಿಬೊಮ್ಮನಹಳ್ಳಿಯ ಮೆಕ್ಯಾನಿಕ್ ಕೊಟ್ರಸ್ವಾಮಿಯ ಗಾಡಿ ಎಲ್ಲಕ್ಕಿಂತ ಮುಂದಿತ್ತು. ಕೆಂಪು ಟವೆಲ್ ಬಿತ್ತು. ನಾನು ಒತ್ತಲಿಲ್ಲ. ಗಾಡಿ ದಿಬ್ಬ ಬಿಟ್ಟು ಮೇಲೆದ್ದಿತು. ಆಗಲೂ ಒತ್ತಲಿಲ್ಲ. ಹಿಂದಿನ ಚಕ್ರ ನೆಲಕ್ಕೆ ಬಡಿದ ಸದ್ದು ಕೇಳಿತು. ಆಗ ಒತ್ತಿದೆ.

ವ್ಯಾನಿನ ನೆರಳಲ್ಲಿ ಎಲ್ಲರೂ ಪರದೆಗೆ ಮುತ್ತಿದರು. ಚಕ್ರದಡಿಯಿಂದ ಮಣ್ಣಿನ ಹೆಂಟೆಗಳು ಒಂದೊಂದಾಗಿ ಎದ್ದವು, ಅವಸರವೇ ಇಲ್ಲದೆ ತಿರುಗುತ್ತ. ಜೋಳದ ಒಣಗರಿಯೊಂದು ಚಕ್ರದ ಕಡ್ಡಿಗಳ ನಡುವೆ ಸಿಕ್ಕಿ ಅದರೊಡನೆ ಸುತ್ತು ಬಂತು. ಅದರ ಮೇಲೆ ಆಕಾಶದಲ್ಲಿ ಕೊಟ್ರಸ್ವಾಮಿ. ಹೆಲ್ಮೆಟ್ಟಿನೊಳಗೆ ಅವನ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಸ್ಲೇಟಿನ ಮೇಲೆ ಅಕ್ಷರ ತಿದ್ದುವ ಕೂಸಿನಂತೆ ನಾಲಿಗೆಯ ತುದಿಯನ್ನು ಬಾಯಿಯಾಚೆ ಚಾಚಿಕೊಂಡಿದ್ದ.

ಕೊಟ್ರಸ್ವಾಮಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ತನ್ನ ಹೆಂಡತಿಗೆ ಮಾತ್ರ ತೋರಿಸಬೇಡಿರೆಂದು ಬೇಡಿಕೊಂಡು, ಮರುಕ್ಷಣವೇ ತನ್ನ ಫೋನಿಗೆ ಮೊದಲು ಕಳಿಸಿರೆಂದ. ವೀರಭದ್ರಯ್ಯನವರು ಮತ್ತೆ ಮತ್ತೆ ಹಾಕಿಸಿ ನೋಡಿದರು.

ಮಾವ ಹೆಗಲ ಮೇಲಿನ ಟವೆಲ್ ಕೊಡವಿದ.

“ನೋಡಿದ್ರ್ಯಾ? ಎಲ್ಲಾ ಟವೆಲ್ ಬಿಡೋದ್ರಾಗ ಐತಿ.”

ಅವನು ಸುಳ್ಳು ಹೇಳುತ್ತಿರಲಿಲ್ಲ. ನಿಜಕ್ಕೂ ಹಾಗೇ ನಂಬಿದ್ದ. ಬೆಳಗಿನಿಂದ ಕುಗ್ಗಿದ್ದ ಮುಖ ಅರಳಿದ್ದನ್ನು ಕಂಡು ನನಗೂ ಹಿಗ್ಗಾಯಿತು. ಅವನ ಪಾಲಿಗೆ ಅದು ಹಾಗೇ ಇರಲಿ ಬಿಡು ಎಂದುಕೊಂಡೆ.

ಆದರೆ ವೀರಭದ್ರಯ್ಯನವರು ಮುಂದಿನ ತಿಂಗಳು ಕೂಡ್ಲಿಗಿಯಲ್ಲಿ ಇನ್ನೂ ದೊಡ್ಡ ರೇಸ್ ಇದೆ, ಅದರ ಶೂಟಿಂಗೂ ನಿನ್ನದೇ ಎಂದು ಮಾವನ ಬೆನ್ನು ತಟ್ಟಿದರು. ಮಾವ ಅಲ್ಲೇ ಲೆಕ್ಕ ಹಾಕಿಬಿಟ್ಟ. ದಾವಣಗೆರೆಯವನು ಅಷ್ಟರಲ್ಲಿ ಬಂದಿರುತ್ತಾನೆ, ಗುಂಡಿ ಅವನು ಒತ್ತುತ್ತಾನೆ, ಟವೆಲ್ ತಾನು ಬಿಡುತ್ತೇನೆ. ಆಮೇಲೆ ನನ್ನ ಕಡೆ ತಿರುಗಿದ.

“ಇವತ್ತು ಬಿಸಿಲಾಗ ಭಾಳ ದಣದಿ ಶಿವಿ. ಅಲ್ಲಿಗೆ ನೀ ಬರೋದು ಬ್ಯಾಡವ್ವ. ಆಯ್ತಿಲ್ಲ?”

ವೀರಭದ್ರಯ್ಯನವರು ಆ ವಿಡಿಯೋವನ್ನು ಮತ್ತೊಮ್ಮೆ ಹಾಕಿಸಿದರು. ಹೆಂಟೆಗಳು ಮತ್ತೆ ಮೇಲೇಳುತ್ತಿದ್ದವು. ‘ಆಯ್ತು’ ಎಂಬುದು ನಾಲಿಗೆಯ ಮೇಲೆ ಬಂದು ಕೂತಿತ್ತು. ನುಂಗಿದೆ.

“ನೀ ಟವೆಲ್ ಬಿಟ್ಟಾಗ ನಾ ಒತ್ತಲಿಲ್ಲ ಮಾವ,” ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. “ಗಾಡಿ ಇಳದಮ್ಯಾಲೆ ಒತ್ತಿದೆ. ಆ ಕೆಲಸ ನನಗ ಬೇಕು.”