ಹತ್ತಿರದ ದಾರಿ

"ಹಾಗಾದ್ರೆ ನೀನೇ ಹೇಳು ಗುರುವೇ, ನನ್ನಂಥೋನಿಗೆ ಯಾವ ದಾರಿ ಸರಿ?"

ಲೇನ್ ಕೊವಾರಿಕ್ ಹೀಗೆ ಕೇಳಿದಾಗ ಗ್ಲೆನಾ ಪುಟ್ಟ ವಿಮಾನದ ರೆಕ್ಕೆಯ ಕೆಳಗೆ ಬಗ್ಗಿ ಹಗ್ಗದ ಗಂಟು ಬಿಗಿಯುತ್ತಿದ್ದಳು. ನೆಬ್ರಾಸ್ಕಾದ ಗಾಳಿಯನ್ನು ನಂಬುವಂತಿಲ್ಲ. ಕಟ್ಟದೆ ಬಿಟ್ಟ ವಿಮಾನ ಬೆಳಗಾಗುವುದರೊಳಗೆ ಪಕ್ಕದ ಜೋಳದ ಹೊಲದಲ್ಲಿ ಮಗುಚಿ ಬಿದ್ದಿರುತ್ತದೆ. ಅವಳು ತಲೆ ಎತ್ತಲಿಲ್ಲ. ಬಿಗಿದ ಗಂಟನ್ನೇ ಬಿಚ್ಚಿ ಇನ್ನೊಂದು ಸಲ ಬಿಗಿದಳು.

ಲೇನ್‌ಗೆ ಇಪ್ಪತ್ತೈದು ವರ್ಷ. ಊರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಶನಿವಾರ ಭಾನುವಾರ ಗ್ಲೆನಾಳ ಹತ್ತಿರ ವಿಮಾನ ಹಾರಿಸುವುದನ್ನು ಕಲಿತವನು. ಚಿಕ್ಕ ವಯಸ್ಸಿನಲ್ಲೇ ಮದುವೆಯಾಗಿ, ಅಷ್ಟೇ ಬೇಗ ಮುರಿದುಕೊಂಡಿದ್ದ. ಐದು ವರ್ಷದ ಮಗಳು ಟೆಸ್ಸಾ ಒಂದು ವಾರ ಇವನ ಹತ್ತಿರ, ಒಂದು ವಾರ ತಾಯಿ ಮರಿನ್ ಹತ್ತಿರ. ಸೇನೆಯ ವಿಮಾನ ಹಾರಿಸಬೇಕು, ಆದರೆ ಮಗಳಿರುವ ಊರು ಬಿಡಬಾರದು. ಅವನ ಆಸೆ ಇಷ್ಟೇ ಆಗಿತ್ತು.

ಅಂಥವರಿಗಾಗಿಯೇ ಇರುವುದು ಮೀಸಲು ಪಡೆ. ಊರಿನಿಂದ ನಲವತ್ತು ನಿಮಿಷ ದೂರದಲ್ಲಿ ಒಂದು ದಳವಿತ್ತು. ಆಕಾಶದಲ್ಲೇ ಬೇರೆ ವಿಮಾನಗಳಿಗೆ ಇಂಧನ ತುಂಬುವ ದೊಡ್ಡ ವಿಮಾನಗಳು ಅವರವು. ತಿಂಗಳಿಗೊಂದು ಶನಿವಾರ ಭಾನುವಾರ ಸಮವಸ್ತ್ರ, ಮಿಕ್ಕ ದಿನ ನಿಮ್ಮ ಕೆಲಸ ನಿಮಗೆ. ದಳದವರೇ ಅರ್ಜಿ ನೋಡಿ ಆರಿಸಿಕೊಂಡರೆ ಎರಡು ವರ್ಷ ಎಲ್ಲೋ ತರಬೇತಿ ಮುಗಿಸಿ ನೆಟ್ಟಗೆ ಮನೆಗೆ ಬರಬಹುದು. ಇಲ್ಲವಾದರೆ ಸುತ್ತು ದಾರಿ: ಪೂರ್ಣಾವಧಿ ವಾಯುಪಡೆಗೆ ಸೇರುವುದು, ತರಬೇತಿಯ ಮೇಲೆ ಹತ್ತು ವರ್ಷ ಅವರು ಕಳಿಸಿದ ಕಡೆಗೆಲ್ಲ ಹೋಗುವುದು, ಆಮೇಲೆ ಮೀಸಲು ಪಡೆಗೆ ಬರುವುದು.

ಗ್ಲೆನಾ ಕಾಯುತ್ತಿದ್ದದ್ದೂ ಅದೇ ಹತ್ತಿರದ ದಾರಿಗೆ. ಇಪ್ಪತ್ತನಾಲ್ಕನೇ ವಯಸ್ಸಿನಿಂದ ಈಗಿನ ಇಪ್ಪತ್ತೆಂಟರವರೆಗೆ, ದಳದವರು ಸೇರುವ ಶನಿವಾರಗಳಲ್ಲೆಲ್ಲ ದಾಲ್ಚಿನ್ನಿ ಬನ್ನು ಬೇಯಿಸಿಕೊಂಡು ಹೋಗಿ, ಅಲ್ಲಿಯ ಮೆಕ್ಯಾನಿಕ್ಕುಗಳ ಹೆಂಡಿರು ಮಕ್ಕಳ ಹೆಸರೂ ಬಾಯಿಪಾಠವಾಗುವಷ್ಟು ಅಲೆದಿದ್ದಳು. ಎರಡು ಸಲ ಅರ್ಜಿ ಹಾಕಿದಾಗಲೂ "ಮುಂದಿನ ವರ್ಷ ನೋಡೋಣ" ಎಂದಿದ್ದರು. ಮೂವತ್ತು ತುಂಬುವುದರೊಳಗೆ ತರಬೇತಿ ಶುರುವಾಗಬೇಕೆಂಬುದು ಆಗಿನ ನಿಯಮ. ಅಂದರೆ ಇದೇ ಕೊನೆಯ ಸಲ.

ಏಪ್ರಿಲಿನಲ್ಲಿ ಜೊತೆಗಿರಲಿ ಎಂದು ಲೇನ್‌ನನ್ನು ಅಲ್ಲಿಗೆ ಕರೆದೊಯ್ದವಳೂ ಅವಳೇ. ಅವನು ಒಂದು ಗಂಟೆಯಲ್ಲಿ ಎಲ್ಲರನ್ನೂ ನಗಿಸಿದ. ಇಂಧನದ ಲೆಕ್ಕವನ್ನು ಕಾಗದವಿಲ್ಲದೆ ಬಾಯಲ್ಲೇ ಬಿಡಿಸಿ ಒಬ್ಬ ಮೇಜರನ ಜೊತೆ ಪಂದ್ಯ ಗೆದ್ದ. ಮೊನ್ನೆ ಮಂಗಳವಾರ ದಳದ ಹಳೆಯ ಸಾರ್ಜೆಂಟ್ ಡ್ವೇನ್ ಗ್ಲೆನಾಳಿಗೆ ಫೋನ್ ಮಾಡಿದ್ದ.

"ಏ ತಾಯಿ, ನಿನ್ನ ಜೊತೆ ಬಂದಿದ್ನಲ್ಲ ಆ ಮೇಷ್ಟ್ರು, ಅವನ ನಂಬರ್ ಎಲ್ಲೋ ಕಳ್ಕೊಂಬಿಟ್ಟೆ. ಶುಕ್ರವಾರದೊಳಗೆ ಅರ್ಜಿ ಹಾಕು ಅಂತ ಹೇಳ್ಬಿಡು. ಈ ಸಲ ಇರೋದೇ ಒಂದು ಜಾಗ. ಕಮಾಂಡರ್ ಆಗ್ಲೇ ಎರಡು ಸಲ ಅವನ್ನ ವಿಚಾರಿಸಿದ್ರು."

"ನನ್ನ ವಿಚಾರ?"

"ನಿಂದು ಇದ್ದೇ ಇದೆಯಲ್ಲ. ನೀನು ನಮ್ಮನೆ ಹುಡುಗಿ."

ಅವನು ಪ್ರೀತಿಯಿಂದಲೇ ಅಂದಿದ್ದ. ಮನೆಯ ಹುಡುಗಿಗೆ ಯಾರೂ ಹೊಸದಾಗಿ ಎಲೆ ಹಾಕುವುದಿಲ್ಲ ಎಂದು ಗ್ಲೆನಾಳಿಗೆ ಅನ್ನಿಸಿತು. ಹೇಳುತ್ತೇನೆ ಎಂದು ಫೋನ್ ಇಟ್ಟಳು. ಬುಧವಾರ ಹೇಳಲಿಲ್ಲ. ಇವತ್ತು ಗುರುವಾರ.

"ಇಲ್ಲಿ ಕಾಯ್ತಾ ಕೂತ್ರೆ ನನ್ನ ಹಾಗೇ ಆಗ್ತೀಯ," ಎಂದಳು, ಈಗಲೂ ಹಗ್ಗದ ಕಡೆಗೇ ನೋಡುತ್ತ. "ನಾಲ್ಕು ವರ್ಷ ಬನ್ನು ಹೊತ್ತಿದೀನಿ. ಏನು ಸಿಕ್ತು? ನೀನಿನ್ನೂ ಚಿಕ್ಕೋನು. ನೇರ ವಾಯುಪಡೆಗೆ ಹೋಗು. ದಿನಾ ಹಾರೋಕೆ ಸಿಗತ್ತೆ. ಆಮೇಲೆ ಅನುಭವ ಇಟ್ಕೊಂಡು ಮೀಸಲಿಗೆ ಬಂದ್ರೆ ಬೇಡ ಅನ್ನೋರು ಯಾರು?"

"ಟೆಸ್ಸಾ ಇದಾಳಲ್ಲ."

"ಮಕ್ಕಳು ಹೊಂದ್ಕೋತಾರೆ ಕಣೋ. ಬೇಸಿಗೆ ರಜ ಪೂರ್ತಿ ನಿನ್ನ ಹತ್ರಾನೇ ಇರ್ತಾಳೆ."

ಲೇನ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ದಳದೋರು ಏನಾದ್ರೂ ಅಂದ್ರಾ, ನನ್ನ ಬಗ್ಗೆ?"

"ಏನಿಲ್ಲ."

ಅಲ್ಲಿಯವರೆಗೆ ಅವಳಾಡಿದ ಮಾತೆಲ್ಲ ತಿಳಿದವರು ಯಾರಾದರೂ ಹೇಳಬಹುದಾದದ್ದು. ಸುಳ್ಳು ಎಂದರೆ ಇದೊಂದೇ. ಅವನು ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡ. "ನೀನು ಹೇಳ್ತೀಯ ಅಂದ್ರೆ ಸರಿ ಇರತ್ತೆ ಬಿಡು," ಎಂದು ಕಾರಿನ ಕಡೆಗೆ ನಡೆದ.

ಡ್ವೇನ್ ಮತ್ತೆ ಫೋನ್ ಮಾಡಿದಾಗ ಗ್ಲೆನಾ, ಮೇಷ್ಟ್ರಿಗೆ ಪೂರ್ಣಾವಧಿ ಪಡೆಯೇ ಬೇಕಂತೆ ಎಂದಳು. "ಹೌದಾ? ಛೇ," ಎಂದ ಆತ. ಜೂನಿನಲ್ಲಿ ಅವಳ ಆಯ್ಕೆಯಾಯಿತು. ಸುದ್ದಿ ಕೇಳಿ ಮೊದಲು ಓಡಿಬಂದು ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿದವನು ಲೇನ್. ಆಗಸ್ಟಿನಲ್ಲಿ ಅವನು ಹೊರಟ. ಮರಿನ್ ಮನೆಯ ಮುಂದೆ ಕಾರು ತಿರುವು ದಾಟಿದ ಮೇಲೂ ಟೆಸ್ಸಾ ಕೈ ಬೀಸುತ್ತಿದ್ದಳಂತೆ. ಊರಿನವರು ಹೇಳಿದ್ದು ಗ್ಲೆನಾಳ ಕಿವಿಗೂ ಬಿತ್ತು.

ಎರಡು ವರ್ಷದ ತರಬೇತಿ ಮುಗಿಸಿ ಗ್ಲೆನಾ ಮನೆಗೆ ಬಂದಳು. ಹಾರುವುದರಲ್ಲಿ ಅವಳು ಯಾರಿಗೂ ಕಡಿಮೆಯಿರಲಿಲ್ಲ. ರೆಕ್ಕೆಯ ಬದಿಯಲ್ಲಿ ಬೆಳಗಿನ ಬಿಸಿಲು ಹರಡುವಾಗ ಒಮ್ಮೊಮ್ಮೆ ಎಲ್ಲವನ್ನೂ ಮರೆಯುತ್ತಿದ್ದಳು. ಆದರೆ ಊರು ಚಿಕ್ಕದು. ದಿನಸಿ ಅಂಗಡಿಯಲ್ಲಿ, ಊರಿನ ಈಜುಕೊಳದಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಎಲ್ಲಿ ಹೋದರೂ ಟೆಸ್ಸಾ ಒಂದಿಷ್ಟು ಉದ್ದವಾಗಿ ಎದುರಾಗುತ್ತಿದ್ದಳು. ಮೊದಲ ಬೇಸಿಗೆಗಳಲ್ಲಿ ಲೇನ್ ಬಂದು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರಿಗಿಳಿದಿದ್ದ. ಆಮೇಲೆ ಒಂದು ಬೇಸಿಗೆ ಅವನು ಮರುಭೂಮಿಯಲ್ಲಿದ್ದ. ಇನ್ನೊಂದು ಬೇಸಿಗೆ ಜಪಾನಿನಲ್ಲಿ. ಮತ್ತೊಂದು ಬೇಸಿಗೆ ಅವನಿಗೆ ರಜ ಸಿಕ್ಕಿತು, ಮಗಳಿಗೆ ಸಾಫ್ಟ್‌ಬಾಲ್ ಶಿಬಿರವಿತ್ತು. ಈ ನಡುವೆ ಮರಿನ್ ಕೈಹಿಡಿದ ಬ್ರೆಂಟ್ ಸಂಭಾವಿತ. ಎಲ್ಲ ಆಟಕ್ಕೂ ಮಡಚುವ ಕುರ್ಚಿ ಹೊತ್ತುಕೊಂಡು ಹೋಗಿ ಕೂರುತ್ತಿದ್ದ. ಅವನು ಕೆಟ್ಟವನಾಗಿದ್ದರೆ ತಪ್ಪನ್ನು ಅವನ ಮೇಲಾದರೂ ಹಾಕಬಹುದಿತ್ತು ಎಂದು ಗ್ಲೆನಾಳಿಗೆ ಅನ್ನಿಸಿದ್ದುಂಟು. ಕ್ರಿಸ್‌ಮಸ್ಸಿಗೆ ಲೇನ್‌ನಿಂದ ಕಾರ್ಡು ಬರುತ್ತಿತ್ತು: "ನಿನ್ನ ಮಾತು ಕೇಳಿ ಕೆಟ್ಟಿಲ್ಲ ಗುರುವೇ." ಅವಳು ಒಂದಕ್ಕೂ ಉತ್ತರ ಬರೆಯಲಿಲ್ಲ.

ಟೆಸ್ಸಾ ಹೈಸ್ಕೂಲು ಮುಗಿಸಿದ ವರ್ಷ, ಮೇ ತಿಂಗಳ ಕೊನೆಯ ಭಾನುವಾರ, ಬ್ರೆಂಟ್ ಮನೆಯ ಗ್ಯಾರೇಜಿನಿಂದ ಕಾರು ಹೊರಗಿಟ್ಟು ಮೇಜು ಹಾಕಿದ್ದರು. ಅರ್ಧ ಊರು ಬಂದಿತ್ತು, ಗ್ಲೆನಾ ಕೂಡ. ಗಸಗಸೆ, ಏಪ್ರಿಕಾಟ್ ತುಂಬಿದ ಕೊಲಾಚೆ ಎಂಬ ಸಿಹಿ ಬನ್ನುಗಳು ತಟ್ಟೆಗಳಲ್ಲಿ ಗುಡ್ಡೆಯಾಗಿದ್ದವು. ಬ್ರೆಂಟ್ ಅಂಗಳದ ಒಲೆಯ ಮೇಲೆ ಸಾಸೇಜು ಸುಡುತ್ತಿದ್ದ. ಗೋಡೆಗೊರಗಿಸಿದ್ದ ದೊಡ್ಡ ಹಲಗೆಯ ತುಂಬ ಹುಡುಗಿಯ ಹದಿನೆಂಟು ವರ್ಷದ ಫೋಟೋಗಳು. ಮೊದಲ ಎರಡು ಸಾಲಿನಲ್ಲಿ ಲೇನ್ ಎಲ್ಲೆಲ್ಲೂ ಇದ್ದ. ಆಮೇಲೆ ಸಾಲಿಗೊಂದು. ಕೊನೆಯ ಸಾಲಿನಲ್ಲಿ ಅವನ ಮುಖವಿದ್ದದ್ದು ಟೆಸ್ಸಾ ಎತ್ತಿ ಹಿಡಿದ ಫೋನಿನ ಪರದೆಯಲ್ಲಿ.

"ಬಂದ್ಬಿಟ್ಟೆ ಗುರುವೇ!"

ಲೇನ್‌ನ ಕೂದಲು ಕಿವಿಯ ಹತ್ತಿರ ನೆರೆತಿತ್ತು. ಇಬ್ಬರೂ ತಟ್ಟೆ ಹಿಡಿದು ಅಂಗಳದ ಮೂಲೆಗೆ ಬಂದು ಕುರ್ಚಿ ಎಳೆದುಕೊಂಡರು.

"ಆಗಸ್ಟ್‌ಗೆ ವಾಯುಪಡೇಲಿ ನನ್ನ ಅವಧಿ ಮುಗಿಯತ್ತೆ. ನಿಮ್ಮ ದಳಕ್ಕೇ ಅರ್ಜಿ ಹಾಕಿದೀನಿ. ನೀನು ಹೇಳಿದ್ದೆಯಲ್ಲ, ಅದೇ ದಾರಿ. ಸ್ವಲ್ಪ ಉದ್ದ ಆಯ್ತು ಅಷ್ಟೇ."

"ಟೆಸ್ಸಾ ಮುಂದೆ?"

"ಒರೆಗಾನಲ್ಲಿ ಕಾಲೇಜು. ಅವಳು ಹೊರಡೋದೂ ಆಗಸ್ಟಲ್ಲೇ." ಅವನು ನಕ್ಕ. "ನಾನು ಒಳಗೆ ಬರೋದಕ್ಕೂ ಅವಳು ಹೊರಗೆ ಹೋಗೋದಕ್ಕೂ ಸರಿಹೋಯ್ತು ನೋಡು."

ಅವನ ಆ ನಗುವನ್ನು ಗ್ಲೆನಾಳಿಂದ ಸಹಿಸಲಾಗಲಿಲ್ಲ. ಅವಳು ತಟ್ಟೆಯನ್ನು ಹುಲ್ಲಿನ ಮೇಲಿಟ್ಟಳು.

"ಲೇನ್, ಆ ಗುರುವಾರ ನಾನು ನಿನಗೆ ಸುಳ್ಳು ಹೇಳಿದ್ದೆ."

"ಯಾವ ಗುರುವಾರ?"

ಅವನಿಗೆ ನೆನಪೇ ಇರಲಿಲ್ಲ. ಅವಳು ಮೊದಲಿನಿಂದ ಹೇಳಬೇಕಾಯಿತು: ವಿಮಾನ ಕಟ್ಟುತ್ತಿದ್ದದ್ದು, ಡ್ವೇನ್ ಫೋನ್ ಮಾಡಿದ್ದು, ಕಮಾಂಡರ್ ಎರಡು ಸಲ ವಿಚಾರಿಸಿದ್ದು, ಇದ್ದದ್ದು ಒಂದೇ ಜಾಗವೆಂಬುದು. ಹೇಳುತ್ತ ಹೇಳುತ್ತ ಅವಳ ದನಿ ಕೆಳಗಿಳಿಯಿತು. ಲೇನ್ ಕೈಯಲ್ಲಿದ್ದ ಬಿಯರ್ ಬಾಟಲಿಯ ಕಾಗದವನ್ನು ಉಗುರಿನಿಂದ ಸುಲಿಯುತ್ತಿದ್ದ.

"ಅರ್ಜಿಗೆ ಕೊನೇ ದಿನ ಯಾವತ್ತು ಅಂದೆ?"

"ಮಾರನೇ ದಿನ. ಶುಕ್ರವಾರ."

"ನನ್ನ ಅರ್ಜಿ ಬರ್ದಾಗಿತ್ತು," ಎಂದ ಲೇನ್. "ಅವತ್ತು ಕಾರಲ್ಲೇ ಇತ್ತು. ನಿನ್ನ ಹತ್ರ ಒಂದ್ಸಲ ಓದಿಸ್ಕೊಂಡು ಕಳಿಸೋಣ ಅಂತ ತಂದಿದ್ದೆ."

ಗ್ಯಾರೇಜಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಟೆಸ್ಸಾ ಯಾವುದೋ ಉಡುಗೊರೆ ಬಿಚ್ಚುತ್ತಿದ್ದಿರಬೇಕು.

"ಇವತ್ಯಾಕೆ ಹೇಳ್ದೆ?"

"ಹೊತ್ಕೊಂಡಿರೋಕೆ ಆಗ್ಲಿಲ್ಲ."

"ಸರಿ. ಇನ್ಮೇಲೆ ನಾನು ಹೊತ್ಕೋಬೇಕು ಅನ್ನು." ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಗ್ಲೆನಾಳಿಗೆ ಸುಲಭವಾಗುತ್ತಿತ್ತು.

"ಲೇನ್, ನನ್ನನ್ನ..."

"ಕೇಳ್ಬೇಡ. ಇವತ್ತು ಬೇಡ. ಅವಳ ದಿನ ಇದು."

ಅಷ್ಟರಲ್ಲಿ ಗ್ಯಾರೇಜಿನ ಒಳಗಿನಿಂದ ಟೆಸ್ಸಾ ಕೂಗಿದಳು: "ಅಪ್ಪಾ! ಐಸ್ ಖಾಲಿ ಆಯ್ತು!"

ಲೇನ್ ಕುರ್ಚಿಯಿಂದ ಎದ್ದಿದ್ದ. ಅತ್ತ ಒಲೆಯ ಮುಂದೆ ಬ್ರೆಂಟ್ ಇಕ್ಕಳ ಕೆಳಗಿಟ್ಟು ಒಂದು ಹೆಜ್ಜೆ ಮುಂದಿಟ್ಟವನು ಲೇನ್‌ನನ್ನು ಕಂಡು ಅಲ್ಲೇ ನಿಂತ. ಕಿವಿ ಕೆಂಪಾಯಿತು. "ನೀನೇ ಹೋಗು ಮಾರಾಯ," ಎಂದ.

"ನಿನ್ನನ್ನೇ ಕರೆದಿದ್ದು ಅವಳು," ಎಂದ ಲೇನ್. "ಐಸ್ ಎಲ್ಲಿಟ್ಟಿದೀರ ಅಂತ ನನಗೇನು ಗೊತ್ತು?"

ಬ್ರೆಂಟ್ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ನೆಲಮಾಳಿಗೆಯ ಮೆಟ್ಟಿಲಿಳಿದ. ಒಲೆಯ ಮೇಲೆ ಕೊಬ್ಬು ತೊಟ್ಟಿಕ್ಕಿ ಬೆಂಕಿ ಎದ್ದಿತು. ಲೇನ್ ಹೋಗಿ ಇಕ್ಕಳ ತೆಗೆದುಕೊಂಡು, ಸೀದು ಹೋಗದಂತೆ ಸಾಸೇಜುಗಳನ್ನು ಒಂದೊಂದಾಗಿ ಮಗುಚತೊಡಗಿದ.