ಎರಡನೆಯ ತಟ್ಟೆ

ಬಸವಣ್ಯಪ್ಪ ಮೇಷ್ಟ್ರು ಎಲೆಯ ನರಗಳನ್ನು ಬರೆಯುವಾಗ ಉಸಿರು ಹಿಡಿದಿರುತ್ತಿದ್ದರು. ನಡುನರದಿಂದ ಅಂಚಿನವರೆಗೆ ಒಂದೇ ಗೆರೆ. ಅದು ಮುಗಿದ ಮೇಲೆಯೇ ಉಸಿರು ಹೊರಬರುತ್ತಿತ್ತು. ನಮ್ಮ ಕಾಲೇಜಿನ ಸಸ್ಯವಿಭಾಗಕ್ಕೆ ಅವರು ಚಿತ್ರಕಾರರು. ನಾನು ಅಲ್ಲಿ ಸಂಶೋಧನೆಗೆ ಸೇರಿದ ವರ್ಷವೇ ಅವರ ಬಲಗೈ ನಡುಗಲು ಶುರುವಾಗಿತ್ತು. ಮಿದುಳಿನ ನರಕೋಶಗಳು ಒಂದೊಂದಾಗಿ ಸಾಯುವ ಕಾಯಿಲೆ ಎಂದು ವೈದ್ಯರು ಹೇಳಿದ್ದರು. ಮಾತ್ರೆ ನುಂಗಿದರೆ ನಡುಕ ತಗ್ಗುತ್ತಿತ್ತು, ಆದರೆ ಹೊಟ್ಟೆ ತೊಳಸುತ್ತಿತ್ತು. ಆದರೂ ದಿನಕ್ಕೆರಡು ಗಂಟೆ ಅವರು ಬರೆಯುತ್ತಿದ್ದರು.

ನನ್ನ ಕೆಲಸ ಒಂದೆಲಗದ ಮೇಲೆ; ಅದರ ಎಲೆಯ ಚಿತ್ರ ಬರೆದುಕೊಟ್ಟವರು ಮೇಷ್ಟ್ರೇ. ಗಾಜಿನ ತಟ್ಟೆಗಳಲ್ಲಿ ನರಕೋಶಗಳನ್ನು ಬೆಳೆಸಿ, ಪೆರಾಕ್ಸೈಡ್ ಹಾಕಿ ಘಾಸಿಗೊಳಿಸಬೇಕು. ಆ ಎಲೆಯ ಸಾರ ಅವನ್ನು ಕಾಯುತ್ತದೆಯೇ ಎಂದು ನೋಡಬೇಕು. ಎಂಟು ತಿಂಗಳು ಯಾವ ತಟ್ಟೆಯಲ್ಲೂ ಕೋಶಗಳು ಉಳಿಯಲಿಲ್ಲ. ಒಂದು ಮಧ್ಯಾಹ್ನ ಉಳಿದವು. ಹಿಗ್ಗಿನಲ್ಲಿ ಓಡಿಹೋಗಿ ಮೇಷ್ಟ್ರನ್ನು ಕರೆತಂದೆ.

ಅವರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು.

“ಇವು ಬದುಕಿದಾವಾ?”

“ಬದುಕಿವೆ ಮೇಷ್ಟ್ರೇ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತಲ್ಲ, ಹಾಗೇ ನರಕೋಶಕ್ಕೂ ಹಿಡಿಯುತ್ತೆ ಅಂದ್ಕೊಳ್ಳಿ. ಈ ಎಲೆಯಲ್ಲಿರೋ ಯಾವುದೋ ಅಂಶ ಅದನ್ನ ತಡೆದಿದೆ.”

“ನಾನು ಬರೆದ ಎಲೇನಾ?”

“ಅದೇ.”

ಅವರು ತಮ್ಮ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡರು. “ಹಂಗಾದ್ರೆ ನನಗೂ ಆದೀತೇನವ್ವಾ?”

“ಯಾಕಾಗಬಾರದು?” ಎಂದುಬಿಟ್ಟೆ.

ಆಮೇಲೆ ಪ್ರಬಂಧ ಬರೆಯುವ ಗಡಿಬಿಡಿಯಲ್ಲಿ ಮುಳುಗಿದೆ. ಮೇಷ್ಟ್ರ ಕುರ್ಚಿ ಖಾಲಿ ಬಿದ್ದಿದ್ದನ್ನು ಗಮನಿಸಿದ್ದು ತಿಂಗಳಾದ ಮೇಲೆ. ಮನೆಗೆ ಹೋದಾಗ ಅವರ ಹೆಂಡತಿ ಗೌರಕ್ಕ ಬಾಗಿಲಲ್ಲೇ ನಿಂತು ಹೇಳಿದರು.

“ಬಚ್ಚಲಲ್ಲಿ ಬಿದ್ರವ್ವಾ. ಮೈಯೆಲ್ಲಾ ಕಟ್ಟಿಗೆ ಆದಂಗೆ ಆಗಿತ್ತು. ದವಾಖಾನೆಯಾಗೆ ಕೇಳಿದ ಮೇಲೆ ಬಾಯಿಬಿಟ್ರು, ಮಾತ್ರೆ ಬಿಟ್ಟು ಮೂರು ವಾರ ಆಗಿತ್ತಂತೆ. ದಿನಾ ಬೆಳಿಗ್ಗೆ ಒಂದೆಲಗದ ರಸ ಕುಡೀತಿದ್ರು. ನಮ್ಮ ಕಾಲೇಜಿನ ಹುಡುಗೀನೇ ಕಂಡುಹಿಡಿದಾಳೆ ಅಂತ ಓಣಿಗೆಲ್ಲಾ ಹೇಳ್ಕೊಂಡು ಬಂದಿದ್ರು.”

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಗೌರಕ್ಕನಿಗೆ ಗೊತ್ತಿಲ್ಲದ್ದು, ನಾನು ಯಾರಿಗೂ ಹೇಳದಿದ್ದದ್ದು ಒಂದಿತ್ತು. ಆ ಮಧ್ಯಾಹ್ನ ನನ್ನ ಮುಂದೆ ಎರಡು ತಟ್ಟೆಗಳಿದ್ದವು. ಮೊದಲೇ ಸಾರ ಹಾಕಿ ಆಮೇಲೆ ಪೆರಾಕ್ಸೈಡ್ ಹಾಕಿದ ತಟ್ಟೆಯಲ್ಲಿ ಕೋಶಗಳು ಉಳಿದಿದ್ದವು. ಎರಡನೆಯದರಲ್ಲಿ ಮೊದಲು ಘಾಸಿ ಮಾಡಿ, ಆಮೇಲೆ ಸಾರ ಹಾಕಿದ್ದೆ. ಅದರಲ್ಲಿ ಒಂದೂ ಉಳಿದಿರಲಿಲ್ಲ. ಘಾಸಿಗೊಂಡ ಮೇಲೆ ಆ ಎಲೆ ಏನೂ ಮಾಡಲಾರದು ಎಂದು, ಮೇಷ್ಟ್ರು ಪ್ರಶ್ನೆ ಕೇಳುವಾಗಲೇ ನನಗೆ ತಿಳಿದಿತ್ತು. ಮೋಸ ಮಾಡುವ ಮನಸ್ಸಿರಲಿಲ್ಲ. ಎಂಟು ತಿಂಗಳ ಮೇಲೆ ಬಂದ ಒಂದು ಸಂತೋಷವನ್ನು ಒಂದು ದಿನವಾದರೂ ಇಡಿಯಾಗಿ ಇಟ್ಟುಕೊಳ್ಳಬೇಕೆನಿಸಿತ್ತು, ಅಷ್ಟೆ. ಅದೂ ಗಾಜಿನ ತಟ್ಟೆಯ ಮಾತು. ಮನುಷ್ಯನ ಮಿದುಳಿನ ಬಗ್ಗೆ ನನಗೇನು ಗೊತ್ತಿತ್ತು?

ಮಾತ್ರೆ ಮತ್ತೆ ಶುರುವಾದ ಮೇಲೆ ಮೇಷ್ಟ್ರು ಎದ್ದು ಓಡಾಡುವಂತಾದರು. ಒಂದೇ ಉಸಿರಿನ ಆ ಗೆರೆ ಮಾತ್ರ ಮರಳಲಿಲ್ಲ. ಕಾಯಿಲೆಯೇ ಅಷ್ಟು ಮುಂದುವರಿದಿತ್ತು, ನಿನ್ನ ತಪ್ಪಲ್ಲ ಎಂದು ವೈದ್ಯರು ಹೇಳಿದರು. ನಾನು ನಂಬಲು ಪ್ರಯತ್ನಿಸಿದೆ.

ಅವರು ತಮ್ಮ ಸಾಮಾನು ಒಯ್ಯಲು ಕಾಲೇಜಿಗೆ ಬಂದ ದಿನ ನಾನು ಎಲ್ಲವನ್ನೂ ಹೇಳಿದೆ. ಆ ಎರಡನೆಯ ತಟ್ಟೆಯಂಥದೇ ಇನ್ನೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಮೇಷ್ಟ್ರು ಬಗ್ಗಿ ನೋಡಿದರು. ಕೋಶಗಳು ಮುದುಡಿ, ಚೂರುಚೂರಾಗಿ ತೇಲುತ್ತಿದ್ದವು.

“ಇದನ್ನೂ ಅವತ್ತೇ ತೋರಿಸಬಹುದಿತ್ತಲ್ಲವ್ವಾ,” ಎಂದರು ಮೆಲ್ಲಗೆ. “ನನಗೆ ನೋಡೋಕೆ ಬರ್ತಿತ್ತು.”

ಸೂಕ್ಷ್ಮದರ್ಶಕದ ದೀಪ ಉರಿಯುತ್ತಲೇ ಇತ್ತು. ಅದನ್ನು ಆರಿಸಲು ಮೇಷ್ಟ್ರೇ ಕೈ ಚಾಚಿದರು. ನಡುಗುವ ಬೆರಳು ಗುಂಡಿಯ ಆಚೆಗೊಮ್ಮೆ, ಈಚೆಗೊಮ್ಮೆ ತಗುಲಿತು. ನಾನು ಮುಂದೆ ಹೋಗದೆ ನಿಂತೆ. ಮೂರನೆಯ ಸಲಕ್ಕೆ ಅದು ಸಿಕ್ಕಿತು.